ಕಾರಿಗೆ ಬಣ್ಣ: ಒಂದೇ ಒಂದು ಬಾಗಿಲಿನಿಂದ ಶುರು ಮಾಡಿ

ಮನೆ ಮುಂದೆ ನಿಂತ ಕಾರು ಮನೆಯವರೆಲ್ಲರದ್ದೂ ಹೌದು. ಆದರೆ ಅದನ್ನು ತೊಳೆಯುವವರು ಯಾರು ಹೇಳಿ? ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವಾಗಲೇ ಇನ್ನೊಂದು ಬಕೆಟ್ ನೀರು ಕಾರಿನ ಮೇಲೂ ಸುರಿದು ಬಟ್ಟೆ ಆಡಿಸುವವರು ಬಹುಪಾಲು ನಾವೇ. ಹಾಗಾಗಿ ಎಡಗಡೆ ಬಾಗಿಲ ಅಂಚಿನಲ್ಲಿ ತುಕ್ಕಿನ ಗುಳ್ಳೆ ಎದ್ದಿದ್ದು ಮೊದಲು ಕಣ್ಣಿಗೆ ಬೀಳುವುದೂ ನಮಗೇ. "ಇದಕ್ಕೊಂದು ಪೇಂಟ್ ಮಾಡಿಸ್ಬೇಕು ಕಣ್ರೀ" ಅಂದರೆ, "ನೋಡೋಣ, ಹಬ್ಬ ಕಳೀಲಿ" ಅನ್ನುವ ಉತ್ತರ. ಹಬ್ಬ ಬರುತ್ತೆ, ಕಳೆಯುತ್ತೆ. ಕಾಳಿನಷ್ಟಿದ್ದ ಗುಳ್ಳೆ ಅಂಗೈಯಗಲ ಆಗುತ್ತೆ.

ಅದನ್ನು ನೀವೇ ಯಾಕೆ ಸರಿ ಮಾಡಬಾರದು?

ಹೌಹಾರಬೇಡಿ. ಪೂರ್ತಿ ಕಾರಿಗೆ ಮನೆಯಲ್ಲೇ ಬಣ್ಣ ಹೊಡೆಯಿರಿ ಅಂತ ನಾನು ಹೇಳುತ್ತಿಲ್ಲ. ಮೊಬೈಲ್ ವಿಡಿಯೊಗಳಲ್ಲಿ ಒಂದೇ ಭಾನುವಾರದಲ್ಲಿ ಹಳೇ ಕಾರು ಹೊಸದಾಗಿಬಿಡುತ್ತದಲ್ಲ, ಅದನ್ನು ನಂಬಿ ಕೈಹಾಕಬೇಡಿ. ಮೊದಲ ಸಲಕ್ಕೆ ಒಂದು ಬಾಗಿಲು ಸಾಕು, ಅಥವಾ ಒಂದು ಫೆಂಡರ್. ಅಷ್ಟನ್ನು ನಮ್ಮ ಹೆಣ್ಣುಮಕ್ಕಳು ಚೆನ್ನಾಗಿಯೇ ಮಾಡಬಲ್ಲರು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಯಾಕೆಂದರೆ ಈ ಕೆಲಸದಲ್ಲಿ ಬಣ್ಣ ಹೊಡೆಯುವುದು ಕಾಲು ಭಾಗವೂ ಇಲ್ಲ. ಉಳಿದದ್ದೆಲ್ಲ ಉಜ್ಜುವುದು, ತೊಳೆಯುವುದು, ಒರೆಸುವುದು, ಕಾಯುವುದು. ಇದರಲ್ಲಿ ನಮಗೆ ಯಾರು ಪಾಠ ಹೇಳಬೇಕು?

ಮಧುಗಿರಿಯಲ್ಲಿ, ಆ ಕಡೆ ಶಿರಾ, ಕೊರಟಗೆರೆ, ಪಾವಗಡದಲ್ಲೂ ಹಳೇ ಮಾರುತಿ 800 ಇನ್ನೂ ಕಣ್ಣಿಗೆ ಬೀಳುತ್ತವೆ. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಈ ಕಾರಿನ ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಎಂಜಿನ್ ಗಟ್ಟಿಯಾಗೇ ಇರುತ್ತೆ, ಮೈಬಣ್ಣ ಮಾತ್ರ ಹೋಗಿರುತ್ತೆ. ಇಡೀ ಕಾರಿಗೆ ಗ್ಯಾರೇಜಿನಲ್ಲಿ ಪೇಂಟ್ ಮಾಡಿಸಲು ಕೇಳುವ ದುಡ್ಡು, ಆ ಕಾರನ್ನು ಮಾರಿದರೆ ಬರುವ ದುಡ್ಡಿನ ಹತ್ತಿರಕ್ಕೇ ಹೋಗಿಬಿಡುತ್ತೆ. ಹಾಗಂತ ತುಕ್ಕು ಬಿಟ್ಟುಕೊಂಡರೆ 15 ವರ್ಷ ತುಂಬಿ ಆರ್‌ಸಿ ನವೀಕರಣಕ್ಕೆ ಗಾಡಿ ತೋರಿಸುವಾಗ ತೊಂದರೆ. ನವೀಕರಣದ ಶುಲ್ಕವೇ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಇಂಥ ಕಾರಿನ ಒಂದು ಬಾಗಿಲನ್ನು ಮನೆಯಲ್ಲೇ ಸರಿ ಮಾಡಿಕೊಂಡರೆ ಅದು ಜಿಪುಣತನ ಅಲ್ಲ, ಲೆಕ್ಕಾಚಾರ.

ಇನ್ನು "ಇದು ಗಂಡಸರ ಕೆಲಸ" ಅನ್ನುವವರಿಗೆ ಒಂದು ಹಳೇ ವಿಷಯ. ಮೊದಮೊದಲ ಕಾರುಗಳಿಗೆಲ್ಲ ಕುಂಚದಲ್ಲೇ ಬಣ್ಣ ಹಚ್ಚುತ್ತಿದ್ದರು. ಪದರದ ಮೇಲೆ ಪದರ ಒಣಗಲು ವಾರಗಟ್ಟಲೆ ಬೇಕಾಗುತ್ತಿತ್ತು. 1923ರ ಸುಮಾರಿಗೆ ಅಮೆರಿಕದ ಡ್ಯುಪಾಂಟ್ ಕಂಪನಿ 'ಡ್ಯೂಕೋ' ಅನ್ನುವ, ಬೇಗ ಒಣಗುವ ಬಣ್ಣ ತಂದ ಮೇಲೆ ಸ್ಪ್ರೇ ಗನ್ ಕಾಲ ಬಂತು. ನಮ್ಮ ಮೆಕ್ಯಾನಿಕ್‌ಗಳು ಇವತ್ತಿಗೂ ಯಾವ ಕಂಪನಿಯ ಬಣ್ಣವಾದರೂ 'ಡ್ಯೂಕೋ ಪೇಂಟ್' ಅಂತಲೇ ಅನ್ನುವುದು ಅದರಿಂದಲೇ. ಅಂದರೆ ಕೈಯಲ್ಲಿ ನಿಧಾನವಾಗಿ ಮಾಡುವುದೇ ಈ ಕೆಲಸದ ಮೂಲ ರೀತಿ.

ಸರಿ, ಈಗ ಬಾಗಿಲಿಗೆ ಬನ್ನಿ. ಕಾರ್ಖಾನೆಯಿಂದ ಬಂದ ಕಾರಿನ ಮೇಲೆ ಪ್ರೈಮರ್, ಬಣ್ಣ, ಹೊಳಪು ಎಲ್ಲ ಸೇರಿ ದಪ್ಪ 100ರಿಂದ 150 ಮೈಕ್ರಾನ್ ಇದ್ದೀತು. ಸುಮಾರು ಎರಡು ತಲೆಗೂದಲಿನಷ್ಟು, ಅಷ್ಟೆ! ಅಷ್ಟು ತೆಳುವಾದದ್ದು ಅಡಿಯ ಗೀರನ್ನಾಗಲಿ ಗುಳ್ಳೆಯನ್ನಾಗಲಿ ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತೆ. ಅದಕ್ಕೇ ಉಜ್ಜುವುದು ಮುಖ್ಯ.

ಮೊದಲು ಪಾತ್ರೆ ತೊಳೆಯುವ ಸೋಪಿನಲ್ಲಿ ಬಾಗಿಲು ತೊಳೆದು ಒಣಗಿಸಿ. ಆಮೇಲೆ ಬಟ್ಟೆಗೆ ಸ್ವಲ್ಪ ಟರ್ಪೆಂಟೈನ್ ಹಾಕಿ ಒರೆಸಿ. ಹಳೇ ಪಾಲಿಶ್, ಆಯುಧಪೂಜೆಗೆ ಬಾಳೆಕಂದು ಕಟ್ಟಿದ ಟೇಪಿನ ಅಂಟು, ಎಣ್ಣೆ ಜಿಡ್ಡು ಹೋಗಬೇಕು. ಜಿಡ್ಡು ಉಳಿದರೆ ಅಲ್ಲಿ ಬಣ್ಣ ಕೂರುವುದಿಲ್ಲ, ಮೀನಿನ ಕಣ್ಣಿನಂತೆ ದುಂಡಗೆ ಬಿಟ್ಟುಕೊಳ್ಳುತ್ತೆ. ತಲೆಗೆ ಎಣ್ಣೆ ಹಚ್ಚಿದ ಕೈಯಲ್ಲಿ ಮುಟ್ಟುವುದೂ ಬೇಡ.

ತುಕ್ಕಿನ ಜಾಗವನ್ನು 80 ನಂಬರಿನ ಪೇಪರ್‌ನಲ್ಲಿ ಬಿಳಿ ತಗಡು ಕಾಣುವವರೆಗೆ ಉಜ್ಜಿ. ಇಲ್ಲಿ ದಾಕ್ಷಿಣ್ಯ ಬೇಡ. ಸಾಸಿವೆಯಷ್ಟು ತುಕ್ಕು ಒಳಗೆ ಉಳಿದರೂ ಮುಂದಿನ ಮಳೆಗಾಲಕ್ಕೆ ಅದೇ ಜಾಗದಲ್ಲಿ ಗುಳ್ಳೆ ಎದ್ದೇ ಏಳುತ್ತೆ. ತಗಡಿನಲ್ಲಿ ತೂತೇ ಬಿದ್ದಿದ್ದರೆ ಅದು ಟಿಂಕರಿಂಗ್‌ನವರ ಕೆಲಸ, ಅಲ್ಲಿಗೆ ಬಿಡಿ. ಸುತ್ತಲಿನ ಹಳೇ ಬಣ್ಣದ ಅಂಚನ್ನು ನಯವಾದ ಪೇಪರ್‌ನಲ್ಲಿ ಇಳಿಜಾರು ಮಾಡುತ್ತಾ ಬನ್ನಿ. ಸರಿಯಾಯಿತೋ ಇಲ್ಲವೋ ಅಂತ ಕಣ್ಣಲ್ಲಿ ನೋಡಬೇಡಿ. ಕಣ್ಣು ಮುಚ್ಚಿ ಅಂಗೈ ಆಡಿಸಿ. ಹಿಟ್ಟು ಹದವಾಯಿತಾ ಅಂತ ತಿಳಿಯುವ ಕೈಗೆ ಇದೂ ತಿಳಿಯುತ್ತೆ. ತಗ್ಗಿದ್ದರೆ ಪುಟ್ಟಿ ತೆಳುವಾಗಿ ಹಚ್ಚಿ. ಹಾರ್ಡ್‌ನರ್ ಬೆರೆಸುವ ಪುಟ್ಟಿ ಕಾಲು ಗಂಟೆಯಲ್ಲೇ ಬಿಗಿಯುತ್ತೆ, ಆದ್ದರಿಂದ ಒಂದು ಸಲಕ್ಕೆ ಸುಪಾರಿಯಷ್ಟು ಕಲಸಿಕೊಂಡರೆ ಸಾಕು. ಪುಟ್ಟಿ ನೀರು ಹೀರುತ್ತೆ, ಅದನ್ನು ಒಣದಾಗಿಯೇ ಉಜ್ಜಬೇಕು. ತಗಡು ಕಂಡ ದಿನವೇ ಪ್ರೈಮರ್ ಬೀಳಬೇಕು. ಒಂದು ರಾತ್ರಿ ಇಬ್ಬನಿಗೆ ಬಿಟ್ಟರೂ ಹೊಸ ತುಕ್ಕು ಶುರು.

ಉಳಿದ ಹಳೇ ಬಣ್ಣವನ್ನು ವಾಟರ್ ಪೇಪರ್‌ನಲ್ಲಿ ನೀರು ಹಾಕಿಯೇ ಉಜ್ಜಿ ಅಂತ ನಾನು ಒತ್ತಿ ಹೇಳುತ್ತೇನೆ. ಇದಕ್ಕೆ ಕಾರಣ ಮಕ್ಕಳು. ನಮ್ಮ ದೇಶದಲ್ಲಿ ಬಣ್ಣದಲ್ಲಿ ಸೀಸ 90 ಪಿಪಿಎಂ ದಾಟಬಾರದು ಅಂತ 2016ರಲ್ಲಿ ನಿಯಮ ಬಂತು. ಆದರೆ ಅದು ಬಂದದ್ದು ಮನೆಗೆ, ಅಲಂಕಾರಕ್ಕೆ ಬಳಸುವ ಬಣ್ಣಕ್ಕೆ. ಹಳೇ ಕಾರಿನ ಮೇಲಿನ ಬಣ್ಣದಲ್ಲಿ ಏನಿದೆಯೋ ಹೇಳುವವರಿಲ್ಲ. ಒಣಗಿದ ಪುಡಿ ಹಾರಿ ಆಡುವ ಮಗುವಿನ ಕೈಗೆ, ಅಲ್ಲಿಂದ ಬಾಯಿಗೆ ಹೋಗಲು ಎಷ್ಟು ಹೊತ್ತು? ನೀರಿನಲ್ಲಿ ಉಜ್ಜಿದರೆ ಪುಡಿ ಹಾರದು. ಆ ರಾಡಿ ನೀರು ತುಳಸಿ ಕಟ್ಟೆಯ ಕಡೆಗೋ ಹಿತ್ತಲ ಸೊಪ್ಪಿನ ಪಾತಿಗೋ ಹರಿಯದಂತೆ ಕೆಳಗೆ ಹಳೇ ಪ್ಲಾಸ್ಟಿಕ್ ಹಾಳೆ ಹಾಸಿ. ಪುಟ್ಟಿ ಉಜ್ಜುವಾಗ ಮೂಗಿಗೆ ಮಾಸ್ಕ್ ಕಟ್ಟಿ, ಅಂಗಳದಲ್ಲೇ ಉಜ್ಜಿ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಮಧುಗಿರಿ, ಪಾವಗಡದ ಬೋರ್‌ವೆಲ್ ನೀರು ಎಂಥದ್ದು ಅಂತ ನಿಮ್ಮ ಸ್ಟೀಲ್ ಬಿಂದಿಗೆಯೇ ಹೇಳುತ್ತೆ, ಒಣಗಿದರೆ ಬಿಳಿ ಪೊರೆ. ಅದೇ ಉಪ್ಪು ಪ್ರೈಮರ್ ಅಡಿಯಲ್ಲಿ ಉಳಿದರೆ ತೇವ ಎಳೆದುಕೊಂಡು ಬಣ್ಣವನ್ನು ಗುಳ್ಳೆ ಎಬ್ಬಿಸುತ್ತೆ. ಕೊನೆಯ ಸಲ ತೊಳೆಯುವುದಕ್ಕೆ ಮಾತ್ರ ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದು 20 ಲೀಟರ್ ಕ್ಯಾನ್ ತಂದಿಟ್ಟುಕೊಳ್ಳಿ. ಕೆಲವೇ ರೂಪಾಯಿ ಖರ್ಚು. ನಂಟು ಬಿಡದ ಹತ್ತಿ ಬಟ್ಟೆಯಲ್ಲಿ, ಹಳೇ ಕಾಟನ್ ಸೀರೆ ಆದರೆ ಇನ್ನೂ ಒಳ್ಳೆಯದು, ಒರೆಸಿ ಒಣಗಿಸಿ.

ಈಗ ಬಣ್ಣ. ಯಾವ ಬಣ್ಣ ಅನ್ನುವುದಕ್ಕೆ ಬಾನೆಟ್ ಒಳಗೋ ಬಾಗಿಲ ಕಂಬದ ಮೇಲೋ ಇರುವ ಸಣ್ಣ ಫಲಕ ನೋಡಿ, ಕೋಡ್ ಇರುತ್ತೆ. ಮಾರುತಿಯ ಸುಪೀರಿಯರ್ ವೈಟ್‌ಗೆ 26ಯು ಅಂತ. ಬಿಳಿ ಕಾರಿದ್ದವರು ಪುಣ್ಯವಂತರು, ಮೊದಲ ಸಲಕ್ಕೆ ಅದರಷ್ಟು ಸುಲಭ ಇನ್ನೊಂದಿಲ್ಲ. ಮಿನುಗುವ ಮೆಟಾಲಿಕ್ ಬಣ್ಣಕ್ಕೆ ಮಾತ್ರ ಮನೆಯಲ್ಲಿ ಕೈಹಾಕಬೇಡಿ. ಕೈ ವೇಗ ಚೂರು ಬದಲಾದರೂ ಅದು ಮಚ್ಚೆ ಮಚ್ಚೆಯಾಗುತ್ತೆ. ಬಿಸಿಲಿಗೆ ಮಾಸಿದ ಕಾರಿಗೆ ಕೋಡ್ ಪ್ರಕಾರ ತಂದ ಬಣ್ಣವೂ ಒಂದು ಛಾಯೆ ಬೇರೆ ಕಂಡೀತು. ಅದಕ್ಕೇ ನಡುವೆ ತೇಪೆ ಹಾಕದೆ ಅಂಚಿನಿಂದ ಅಂಚಿಗೆ ಇಡೀ ಬಾಗಿಲಿಗೆ ಹೊಡೆಯಿರಿ. ಹಾಗೇ, ಅದೇ ಬಣ್ಣ ಹೊಡೆದರೆ ಕಾಗದಪತ್ರದ ಗೊಡವೆ ಇಲ್ಲ. ಆರ್‌ಸಿಯಲ್ಲಿ ಕಾರಿನ ಬಣ್ಣವೂ ನಮೂದಾಗಿರುತ್ತೆ. ಬಿಳಿಯದನ್ನು ಕೆಂಪು ಮಾಡುವ ಆಸೆಯಿದ್ದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ನಮಗೆ ಕೆಎ-64 ಮಧುಗಿರಿಯಲ್ಲೇ ಇದೆ.

ಮೊದಲ ಸಲಕ್ಕೆ ಸ್ಪ್ರೇ ಡಬ್ಬಿಯೇ ಸಾಕು. ಕಂಪ್ರೆಸರ್, ಗನ್ ಬೇಡ. ಗಾಜು, ಹಿಡಿಕೆ, ರಬ್ಬರಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಉಳಿದದ್ದಕ್ಕೆ ಹಳೇ ಪೇಪರ್ ಹೊದಿಸಿ. ಇದಕ್ಕೆ ಹಿಡಿಯುವ ಹೊತ್ತು ಬಣ್ಣ ಹೊಡೆಯುವ ಹೊತ್ತಿಗಿಂತ ಹೆಚ್ಚು, ಬೇಸರಪಡಬೇಡಿ. ಡಬ್ಬಿಗೂ ಬಾಗಿಲಿಗೂ ಒಂದು ಗೇಣು ಅಂತರ. ಬಾಗಿಲ ಆಚೆಯಿಂದ ಒತ್ತಲು ಶುರು ಮಾಡಿ, ಈಚೆ ದಾಟಿದ ಮೇಲೆ ಬಿಡಿ, ನಡುವೆ ಕೈ ನಿಲ್ಲಬಾರದು. ಪ್ರತಿ ಎಳೆ ಹಿಂದಿನದರ ಅರ್ಧವನ್ನು ಮುಚ್ಚಬೇಕು. ಮೊದಲ ಕೋಟ್‌ನಲ್ಲಿ ಅಡಿಯ ಪ್ರೈಮರ್ ಕಾಣುತ್ತಲೇ ಇರಬೇಕು, ಕಂಡರೆ ಗಾಬರಿ ಬೇಡ. ಮುಚ್ಚಿಬಿಡೋಣ ಅಂತ ಅಲ್ಲೇ ಸುರಿದರೆ ಬಣ್ಣ ಕಣ್ಣೀರಿನ ಹಾಗೆ ಇಳಿಯುತ್ತೆ. ಹತ್ತು ಹದಿನೈದು ನಿಮಿಷ ಬಿಟ್ಟು ಇನ್ನೊಂದು, ಹೀಗೆ ಮೂರು ನಾಲ್ಕು ತೆಳು ಕೋಟ್. ಹಿಂದೆ ಯಾರೋ ಎನಾಮಲ್ ಹಚ್ಚಿದ್ದ ಬಾಗಿಲಾದರೆ ಮೊದಲು ಮರೆಯ ಮೂಲೆಯೊಂದಕ್ಕೆ ಹೊಡೆದು ನೋಡಿ. ಥಿನ್ನರ್ ತಾಗಿ ಹಳೇ ಪದರ ಮುದುರಿದರೆ ಅಲ್ಲಿಗೇ ನಿಲ್ಲಿಸಿ.

ಗ್ಯಾರೇಜಿನವರು ಹೊಡೆಯುವ, ಹಾರ್ಡ್‌ನರ್ ಬೆರೆಸಿದ 'ಟು-ಕೆ' ಬಣ್ಣದ ಮಾತು ಬೇರೆ. ಹೊಳಪು ಕನ್ನಡಿಯಂತೆ ಬರುತ್ತೆ, ನಿಜ. ಆದರೆ ಆ ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಅನ್ನುವ ರಾಸಾಯನಿಕ ಇರುತ್ತೆ. ಅದರ ಮಂಜು ಉಸಿರಿಗೆ ಹೋದರೆ ಆಸ್ತಮಾ ಬರಬಹುದು. ಒಮ್ಮೆ ಮೈಗೆ ಒಗ್ಗದಂತಾದರೆ ಆಮೇಲೆ ಅತಿ ಸ್ವಲ್ಪ ತಗುಲಿದರೂ ಉಬ್ಬಸ. ಕೊರೊನಾ ಕಾಲದ ಮಾಸ್ಕಾಗಲಿ ಒದ್ದೆ ಕರ್ಚೀಫಾಗಲಿ ಅದನ್ನು ತಡೆಯಲ್ಲ. ಸ್ಪ್ರೇ ಮಾಡುವವರಿಗೆ ಹೊರಗಿನ ಶುದ್ಧ ಗಾಳಿ ಒದಗಿಸುವ ಮುಖವಾಡವೇ ಬೇಕು. ಯಾರು ಎಷ್ಟೇ ಹುರಿದುಂಬಿಸಿದರೂ ಮನೆಯಲ್ಲಿ, ಪೋರ್ಟಿಕೋದಲ್ಲಿ ಇದು ಬೇಡವೇ ಬೇಡ. ಅಂದಹಾಗೆ, ಕಾರನ್ನು ಗ್ಯಾರೇಜಿಗೇ ಕೊಡುವವರಾದರೆ ಅಲ್ಲಿ ಗನ್ ಹಿಡಿಯುವ ಹುಡುಗ ಮೂಗಿಗೆ ಏನು ಕಟ್ಟಿಕೊಂಡಿದ್ದಾನೆ ಅಂತ ಒಮ್ಮೆ ನೋಡಿ. ನಾವು ವರ್ಷಕ್ಕೊಂದು ಬಾಗಿಲು ಮಾಡಿಯೇವು, ಅವನು ದಿನಕ್ಕೆ ಮೂರು ಮಾಡುತ್ತಾನೆ. ರೇಟು ಇಳಿಸುವುದಕ್ಕೆ ಚೌಕಾಸಿ ಮಾಡುವ ನಾವು ಅವನ ಮುಖವಾಡಕ್ಕಾಗಿ ಮಾಲೀಕರ ಹತ್ತಿರ ಒಂದು ಮಾತು ಆಡಬಾರದೇ?

ಮನೆಯ ಸ್ಪ್ರೇ ಡಬ್ಬಿಯೂ ಪಾಪದ್ದೇನಲ್ಲ. ಅದರೊಳಗಿನ ಅನಿಲ, ಥಿನ್ನರಿನ ಆವಿ ಎರಡೂ ಬೆಂಕಿ ಹಿಡಿಯುವಂಥವು. ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೇ ಹರಿದು ಒಳಗೆ ಬರುತ್ತವೆ. ಅಡುಗೆಮನೆಯ ಒಲೆ, ದೇವರ ಮುಂದಿನ ನಂದಾದೀಪ, ಗ್ಯಾಸ್ ಗೀಸರ್ ಎಲ್ಲ ಆರಿಸಿ, ಆ ಕಡೆಯ ಕಿಟಕಿ ಬಾಗಿಲು ಮುಚ್ಚಿ ಹೊರಗೆ ಕೂತು ಮಾಡಿ. ಬಸುರಿಯರು, ಉಬ್ಬಸ ಇರುವವರು ಆ ದಿನ ಬೇರೆ ಕಡೆ ಇರಲಿ. ಡಬ್ಬಿಯನ್ನು ಬಿಸಿಲಿನಲ್ಲಿ ಬಿಡಬೇಡಿ, ಖಾಲಿಯಾದದ್ದನ್ನು ಕಸದ ಬೆಂಕಿಗೆ ಎಸೆಯಬೇಡಿ.

ಕಾಲ ಯಾವುದು ಅಂತ ಕೇಳುತ್ತೀರಿ. ಆಯುಧಪೂಜೆಗೆ ಕಾರು ಹೊಸದಾಗಿ ಕಾಣಲಿ ಅಂತ ಎಲ್ಲರಿಗೂ ಆಸೆ. ಆದರೆ ನಮ್ಮ ಬಯಲುಸೀಮೆಗೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಮಳೆ ಹೆಚ್ಚು. ತೇವದಲ್ಲಿ ಹೊಡೆದ ಬಣ್ಣ ಹಾಲು ಬಿದ್ದಂತೆ ಮಬ್ಬಾಗುತ್ತೆ. ಆಷಾಢದ ಗಾಳಿಯಲ್ಲಂತೂ ಬೀದಿಯ ಧೂಳೆಲ್ಲ ಬಾಗಿಲ ಮೇಲೆ. ಏಪ್ರಿಲ್‌ನಲ್ಲಿ ಏಕಶಿಲೆಯ ಬೆಟ್ಟದಡಿ ನಿಲ್ಲಿಸಿದ ಕಾರಿನ ತಗಡು ಮುಟ್ಟಲಾಗುವುದಿಲ್ಲ. ಅದರ ಮೇಲೆ ಹೊಡೆದರೆ ಬಣ್ಣ ತಗಡು ಸೇರುವ ಮೊದಲೇ ಒಣಗಿ ರವೆಯಂತೆ ಕೂರುತ್ತೆ. ಡಿಸೆಂಬರ್, ಜನವರಿಯಲ್ಲಿ ಇಬ್ಬನಿ ಆರಿದ ಮೇಲೆ, ಹತ್ತರಿಂದ ಹನ್ನೆರಡರೊಳಗೆ, ಗಾಳಿ ಇಲ್ಲದ ದಿನ ನೆರಳಿನಲ್ಲಿ ಮಾಡಿ. ಮಕ್ಕಳನ್ನು ಶಾಲೆಗೆ ಕಳಿಸಿ ಉಳಿಯುವ ಹೊತ್ತೂ ಅದೇ ತಾನೆ! ಹೊಡೆಯುವ ಮೊದಲು ನೆಲಕ್ಕೆ ನೀರು ಚಿಮುಕಿಸಿದರೆ ಧೂಳು ಏಳುವುದಿಲ್ಲ.

ಬಣ್ಣ ಮುಟ್ಟಿದರೆ ಅಂಟುತ್ತಿಲ್ಲ ಅಂದಮಾತ್ರಕ್ಕೆ ಗಟ್ಟಿಯಾಯಿತು ಅಂತಲ್ಲ. ಮಾಸ್ಕಿಂಗ್ ಟೇಪನ್ನು ಬಣ್ಣ ಇನ್ನೂ ಹಸಿ ಇರುವಾಗಲೇ ನಿಧಾನವಾಗಿ ಬಿಡಿಸಿ, ಪೂರ್ತಿ ಒಣಗಿದ ಮೇಲೆ ಎಳೆದರೆ ಅಂಚು ಕಿತ್ತು ಬರುತ್ತೆ. ಒಂದು ವಾರ ಸೋಪು ತಾಗಿಸಬೇಡಿ, ಒಂದು ತಿಂಗಳು ಪಾಲಿಶ್ ಬೇಡ. ಕಾರಿಗೆ ಹೊದಿಸುವ ಕವರ್ ಕೂಡ ಅಷ್ಟು ದಿನ ಮಡಚಿಡಿ. ಹುಣಸೆಮರದ ಕೆಳಗೆ ನಿಲ್ಲಿಸುವವರಾದರೆ ಕಾಗೆ ಹಿಕ್ಕೆ ಬಿದ್ದದ್ದು ಕಂಡ ಕೂಡಲೇ ನೀರು ಹಾಕಿ ನೆನೆಸಿ ತೆಗೆಯಿರಿ. ಒಣಬಟ್ಟೆಯಲ್ಲಿ ಉಜ್ಜಿದರೆ ಹೊಸ ಬಣ್ಣದ ಮೇಲೆ ಗೀರು ಬೀಳುತ್ತೆ.