ಜಿಂಕೆಗೆ ಮೇವು ಬಿತ್ತೋದಾದ್ರೆ ಯಾವ ಬೀಜ? ಮೊದಲು ಕೇಳಬೇಕಿರೋದು, ಎಲ್ಲಿ ಬಿತ್ತೋದು ಅಂತ

ಶಿವಮೊಗ್ಗ / ಭದ್ರಾವತಿ: ‘ಕಾಡಲ್ಲಿ ಹುಲ್ಲಿಲ್ಲ, ಅದಕ್ಕೇ ಜಿಂಕೆ ಹೊಲಕ್ಕೆ ಬರ್ತಾವೆ. ಕಾಡಂಚಲ್ಲೇ ಒಂದಿಷ್ಟು ಮೇವಿನ ಬೀಜ ಚೆಲ್ಲಿದ್ರೆ ಮೆಕ್ಕೆಜೋಳ ಉಳಿಯುತ್ತೆ’ ಅನ್ನೋ ಮಾತು ಶೆಟ್ಟಿಹಳ್ಳಿ ಅಭಯಾರಣ್ಯದ ಸುತ್ತಲ ಊರುಗಳಿಂದ ಹಿಡಿದು ಲಕ್ಕವಳ್ಳಿ ಕಡೆಯವರೆಗೆ ಹೊಸದೇನಲ್ಲ. ಮಾತಿನ ಅರ್ಧ ಭಾಗ ನಿಜ. ಇನ್ನರ್ಧ ನಂಬಿ ಬಿತ್ತಿದರೆ ಮೆಕ್ಕೆಜೋಳವೂ ಹೋಗುತ್ತೆ, ಮನೆ ಬಾಗಿಲಿಗೆ ಉಣುಗೂ ಬರುತ್ತೆ.

ನಿಜ ಇರುವ ಅರ್ಧ ಮೊದಲು. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ, ಅಂದ್ರೆ ಎಂಪಿಎಂ, ಶುರುವಾಗಿದ್ದು 1936ರಲ್ಲಿ. ಕಾರ್ಖಾನೆಗೆ ಬೇಕಾದ ಮರ ಬೆಳೆಯೋಕೆ 1980ರಲ್ಲಿ 40 ವರ್ಷಕ್ಕೆ ಅರಣ್ಯ ಭೂಮಿ ಗುತ್ತಿಗೆ ಕೊಟ್ಟರು. ಅಲ್ಲಿ ಎದ್ದಿದ್ದು ಅಕೇಶಿಯಾ, ನೀಲಗಿರಿ. ಅಕೇಶಿಯಾ ತರಗೆಲೆ ಬೇಗ ಕೊಳೆಯೋದಿಲ್ಲ, ದಪ್ಪಗೆ ಹಾಸಿಕೊಂಡು ಕೂರುತ್ತೆ. ಅದರಡಿ ಹುಲ್ಲು ಏಳೋದು ಕಷ್ಟ. ನೀಲಗಿರಿ ಎಲೆ ಜಿಂಕೆ ಬಾಯಿಗೆ ಬರುವಂಥದ್ದಲ್ಲ. ಇದ್ದ ಬಯಲನ್ನು ಲಂಟಾನ, ಯುಪಟೋರಿಯಂ ನುಂಗಿದವು. ಕಾರ್ಖಾನೆ 2015ರಲ್ಲಿ ನಿಂತಿತು, ಗುತ್ತಿಗೆ 2020ರಲ್ಲಿ ಮುಗಿಯಿತು, ಅದನ್ನ ಮುಂದುವರಿಸಬಾರದು ಅಂತ ಮಲೆನಾಡಲ್ಲಿ ದೊಡ್ಡ ಹೋರಾಟವೇ ನಡೆಯಿತು. ಮರ ಯಾರದ್ದು ಅನ್ನೋ ಜಗಳದಲ್ಲಿ ಮರದ ಕೆಳಗಿನ ಹುಲ್ಲಿನ ಲೆಕ್ಕ ಯಾರೂ ಇಡಲಿಲ್ಲ.

ಆದ್ರೆ ಹುಲ್ಲು ವಾಪಸ್ ತರೋಕೆ ಅಂಗಡಿ ಬೀಜವೇ ಬೇಕಾ? ಪಕ್ಕದ ಭದ್ರಾ ಕಾಡು ಬೇರೆ ಕಥೆ ಹೇಳುತ್ತೆ. 1998ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು. 2000ದ ದಶಕದ ಶುರುವಿನಲ್ಲಿ ಕಾಡೊಳಗಿನ ನಾನೂರಕ್ಕೂ ಹೆಚ್ಚು ಕುಟುಂಬಗಳನ್ನ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿ ಮತ್ತಿತರ ಕಡೆ ಜಮೀನು ಕೊಟ್ಟು ಕೂರಿಸಿದರು. ಬಿಟ್ಟುಹೋದ ಗದ್ದೆಗಳಲ್ಲಿ ಹುಲ್ಲು ತಾನಾಗೇ ಎದ್ದಿತು. ಇವತ್ತು ಕಾಟಿ, ಚುಕ್ಕೆ ಜಿಂಕೆ ಮೇಯೋದು ಅಂಥ ಬಯಲಲ್ಲೇ. ಒಂದು ಚೀಲ ಬೀಜವನ್ನೂ ಕೊಳ್ಳಲಿಲ್ಲ. ಬೇಕಾಗಿದ್ದು ಬಿಸಿಲು, ತೇವ, ದನ ಮೇಯದ ಒಂದೆರಡು ಮಳೆಗಾಲ. ಕೈಬಿಟ್ಟ ಕಡೆ ಕಳೆಗಿಡ ನುಗ್ಗುತ್ತೆ ಅನ್ನೋದೂ ಅಷ್ಟೇ ನಿಜ.

ಎಲ್ಲಾ ಜಿಂಕೆಗೂ ಒಂದೇ ಊಟ ಅಲ್ಲ

‘ಜಿಂಕೆ’ ಅನ್ನೋ ಒಂದೇ ಹೆಸರಲ್ಲಿ ಗೊಂದಲ ಇದೆ. ಹಾವೇರಿ, ರಾಣೆಬೆನ್ನೂರು ಕಡೆ ಜಿಂಕೆ ಅಂದ್ರೆ ಬಹುತೇಕ ಕೃಷ್ಣಮೃಗ, ಬಯಲು ಸೀಮೆಯದು. ನಮ್ಮ ಕಾಡಂಚಲ್ಲಿ ಕಾಣೋದು ಚುಕ್ಕೆ ಜಿಂಕೆ. ಅದಕ್ಕೆ ಎಳೆ ಹುಲ್ಲು ಬೇಕು, ಓಡಿ ಅಡಗೋಕೆ ಹತ್ತಿರದಲ್ಲೇ ಮರ ಬೇಕು, ನೀರು ಬೇಕು. ಬೇಸಿಗೆಯಲ್ಲಿ ಹುಲ್ಲು ಒಣಗಿದಾಗ ಉದುರಿದ ಎಲೆ, ಹೂವು, ಕಾಯಿ ತಿಂದೇ ಅದು ದಿನ ದೂಡೋದು. ಮುಸಿಯ ಮರದ ಮೇಲಿಂದ ಬೀಳಿಸೋ ಸೊಪ್ಪೂ ಅದಕ್ಕೆ ಊಟವೇ. ಕಡವೆ ಹುಲ್ಲಿನ ಜೊತೆ ಸೊಪ್ಪು, ಚಿಗುರು ಮುರಿದು ತಿನ್ನುತ್ತೆ. ಕಾಡುಕುರಿ ದಟ್ಟ ಪೊದೆ ಬಿಟ್ಟು ಈಚೆ ಬರೋದೇ ಕಮ್ಮಿ. ನೆಲ್ಲಿಕಾಯಿ ತಿಂದು ಮೆಲುಕು ಹಾಕುವಾಗ ಬೀಜ ಉಗಿದು, ಹೊಸ ಜಾಗದಲ್ಲಿ ಸಸಿ ಏಳಿಸೋದೂ ಇದೇ ಪ್ರಾಣಿಗಳು. ಅಂದಮೇಲೆ ನೆಲ್ಲಿ ಮರ ಕಡಿದು ಹುಲ್ಲಿನ ಪ್ಲಾಟ್ ಮಾಡೋದ್ರಲ್ಲಿ ಅರ್ಥ ಇಲ್ಲ.

ಅಂಗಡಿಯಲ್ಲಿ ಸಿಗೋದು, ಕಾಡಿಗೆ ಸಲ್ಲೋದು

ಅಮೆರಿಕದಲ್ಲಿ ಜಿಂಕೆಗೆಂದೇ ಕ್ಲೋವರ್, ಟರ್ನಿಪ್, ಓಟ್ಸ್ ಕಲಸಿದ ಬೀಜದ ಪೊಟ್ಟಣ ಮಾರ್ತಾರೆ. ಅಲ್ಲಿನ ಉದ್ದೇಶ ಬಹುಪಾಲು ಬೇಟೆ. ತಂಪು ದೇಶದ ಆ ಬೀಜ ನಮ್ಮ ಜುಲೈ ಮಳೆಗೆ ಕೊಳೆಯುತ್ತೆ, ಏಪ್ರಿಲ್ ಬಿಸಿಲಿಗೆ ಸುಡುತ್ತೆ. ಅನುಮತಿ ಇಲ್ಲದೆ ಹೊರದೇಶದ ಬಿತ್ತನೆ ಬೀಜ ತರಿಸೋಕೆ 2003ರ ಸಸ್ಯ ಸಂಪರ್ಕ ನಿಷೇಧ ಆದೇಶವೂ ಬಿಡೋದಿಲ್ಲ. ಆನ್‌ಲೈನ್‌ನಲ್ಲಿ ಕಂಡಿತು ಅಂತ ತರಿಸಿ ಮಾರೋಕೆ ಹೋಗೋ ಅಂಗಡಿಯವರು ಇದನ್ನ ನೆನಪಿಟ್ಟುಕೊಂಡರೆ ಒಳ್ಳೇದು.

ಇನ್ನು ನಮ್ಮಲ್ಲೇ ಹೈನುಗಾರಿಕೆಗೆ ಬಳಸೋ ಮೇವು. ಹೈಬ್ರಿಡ್ ನೇಪಿಯರ್‌ಗೆ ಬೀಜವೇ ಇಲ್ಲ, ಕಡ್ಡಿ ನೆಡಬೇಕು, ಜೊತೆಗೆ ನೀರು–ಗೊಬ್ಬರ ಕೇಳುತ್ತೆ. ಕುದುರೆ ಮೆಂತ್ಯ, ಅಂದ್ರೆ ಲೂಸರ್ನ್, ನೀರಾವರಿ ಇಲ್ಲದೆ ನಿಲ್ಲೋದಿಲ್ಲ. ಗಿನಿ ಹುಲ್ಲು ಆಫ್ರಿಕಾ ಮೂಲದ್ದು. ಕೊಟ್ಟಿಗೆ ದನಕ್ಕೆ ಬಂಗಾರ, ಆದ್ರೆ ಕಾಡಿಗೆ ಬಿಟ್ಟರೆ ಆಳೆತ್ತರ ಬೆಳೆದು, ಬೇಸಿಗೆಯಲ್ಲಿ ಒಣಗಿ ಬೆಂಕಿಗೆ ಸೌದೆ. ಸುಬಾಬುಲ್ ಹಾಕಿದ್ರಂತೂ ಮುಂದಿನ ತಲೆಮಾರು ಅದನ್ನ ಕೀಳುತ್ತಾ ಕೂರಬೇಕು. ಲಂಟಾನವೂ ಇನ್ನೂರು ವರ್ಷದ ಹಿಂದೆ ಚೆಂದದ ಹೂಗಿಡ ಅಂತಲೇ ಬಂದಿದ್ದು.

ಕಾಡಿಗೆ ಸಲ್ಲೋದು ಅದೇ ಕಾಡಿನ ಹುಲ್ಲು. ಬೇಣದಲ್ಲಿ ಬೆಳೆಯೋ ಕರಡ, ತೇವದ ಕಡೆ ಗರಿಕೆ, ಮಧ್ಯೆ ತಾನಾಗೇ ಏಳೋ ಬಳ್ಳಿ ಜಾತಿಯ ದ್ವಿದಳ. ಗರಿಕೆಗೆ ಬೀಜ ಹುಡುಕೋದೇ ಬೇಡ, ಬೇರು ಸಮೇತ ತುಂಡು ನೆಟ್ಟರೆ ಹಬ್ಬುತ್ತೆ. ಕಾಡು ಹುಲ್ಲಿನ ಬೀಜಕ್ಕೆ ಒಂದು ಗುಣ ಇದೆ: ಕೊಯ್ದ ಕೂಡಲೇ ಹಾಕಿದರೆ ಸರಿಯಾಗಿ ಮೊಳೆಯೋದಿಲ್ಲ. ಕೆಲವು ತಿಂಗಳು ಒಣಗಿಸಿ ಇಡಬೇಕು. ಬೀಜ ಹಗುರ, ಕೂದಲು ಕೂದಲು, ಗಾಳಿಗೆ ಹಾರುತ್ತೆ. ಅದಕ್ಕೇ ಜೇಡಿಮಣ್ಣು, ಸಗಣಿ ಜೊತೆ ಕಲಸಿ ಉಂಡೆ ಮಾಡೋದು ರೂಢಿ. ಮೇಲ್ಮಣ್ಣಿಗೆ ತಾಗಿದರೆ ಸಾಕು, ಮೆಕ್ಕೆಜೋಳದ ಹಾಗೆ ಆಳಕ್ಕೆ ಹಾಕಿದ್ರೆ ಮೇಲೆ ಬರೋದಿಲ್ಲ.

ಬಿತ್ತನೆಗಿಂತ ಮುಂಚಿನ ಕೆಲಸವೇ ದೊಡ್ಡದು. ಲಂಟಾನದ ಕೊಂಬೆ ಸವರಿದರೆ ಅದು ದುಪ್ಪಟ್ಟು ಚಿಗುರುತ್ತೆ. ನೆಲದಿಂದ ಒಂದೆರಡು ಅಂಗುಲ ಕೆಳಗೆ ತಾಯಿಬೇರು ಕಡಿದು, ಗಿಡವನ್ನ ತಲೆಕೆಳಗು ಮಾಡಿ ಒಣಗೋಕೆ ಬಿಡಬೇಕು. ಹಣ್ಣು ತಿಂದ ಹಕ್ಕಿ ಮತ್ತೆ ಬೀಜ ತಂದೇ ತರುತ್ತೆ, ಹಾಗಾಗಿ ಮುಂದಿನ ಎರಡು ಮೂರು ವರ್ಷ ಸಸಿ ಕೀಳೋ ಕೂಲಿಯನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಮೊದಲ ವರ್ಷ ಫೋಟೋ ತೆಗೆಸಿಕೊಂಡು ಎರಡನೇ ವರ್ಷ ಮರೆಯೋ ಯೋಜನೆಗೆ ಎಂಥ ಬೀಜ ಕೊಟ್ಟರೂ ಅಷ್ಟೇ.

ಸ್ವಂತ ಜಮೀನಲ್ಲಿ ಬಿತ್ತಿದ್ರೆ?

ಕಾಡಂಚಿನ ಹೋಂಸ್ಟೇ, ತೋಟದವರಿಗೆ ಇದು ಆಸೆ ಹುಟ್ಟಿಸೋ ವಿಷಯ. ಬೆಳಗ್ಗೆ ಕಾಫಿ ಕುಡಿಯುತ್ತಾ ಜಿಂಕೆ ನೋಡಬಹುದು ಅಂದ್ರೆ ಯಾರಿಗೆ ಬೇಡ? ಆದ್ರೆ ಜಿಂಕೆ ಬಂದಲ್ಲಿಗೆ ಚಿರತೆ ಬರುತ್ತೆ, ಬೀದಿನಾಯಿ ಹಿಂಡು ಬೆನ್ನಟ್ಟುತ್ತೆ. ಹಸಿರು ಮೇವಿನ ಪಟ್ಟಿಗೆ ಬರೋದು ಜಿಂಕೆ ಮಾತ್ರ ಅಲ್ಲ, ಹಂದಿ, ಆನೆಯೂ. ಅವು ನಿಮ್ಮ ಬೇಲಿ ದಾಟಿ ಪಕ್ಕದವರ ಗದ್ದೆ, ಬಾಳೆ ನೋಡದೆ ಹೋಗೋದಿಲ್ಲ. ಮೇವು ಕೊಟ್ಟರೆ ಬೆಳೆ ಉಳಿಯುತ್ತೆ ಅನ್ನೋ ಲೆಕ್ಕ ತಪ್ಪೋದು ಇಲ್ಲೇ: ಕಾಡಿನ ಒಳಗೆ ಹುಲ್ಲಿದ್ದರೆ ಪ್ರಾಣಿ ಒಳಗಿರುತ್ತೆ, ಅಂಚಲ್ಲಿದ್ದರೆ ಅಂಚಿಗೇ ಬರುತ್ತೆ.

ಕಾನೂನು ಇನ್ನೂ ಖಡಕ್. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಅಂದ್ರೆ ಗುಂಡು ಹೊಡೆಯೋದಷ್ಟೇ ಅಲ್ಲ, ಪ್ರಾಣಿಗೆ ಆಮಿಷ ಒಡ್ಡೋದು, ಅಂಥ ಪ್ರಯತ್ನ ಮಾಡೋದೂ ಅದರೊಳಗೇ ಬರುತ್ತೆ. ಹೊಲದ ಬೆಳೆಯನ್ನ ಯಾರೂ ಆಮಿಷ ಅನ್ನೋದಿಲ್ಲ. ಜಿಂಕೆ ಬರಲಿ ಅಂತಲೇ ಬಿತ್ತಿದ್ದೀನಿ ಅಂತ ಬೋರ್ಡ್ ಹಾಕಿಕೊಂಡರೆ ಉತ್ತರ ಹೇಳಬೇಕಾಗಬಹುದು.

ಎಲ್ಲಕ್ಕಿಂತ ದೊಡ್ಡ ಕಾರಣ ಈ ಜಿಲ್ಲೆಯವರಿಗೆ ವಿವರಿಸಬೇಕಿಲ್ಲ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾಗಿದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ. 2018–19ರಲ್ಲಿ ಸಾಗರದ ಅರಳಗೋಡು ಸುತ್ತ ಆದ ಸಾವುಗಳು ಇನ್ನೂ ಮರೆತಿಲ್ಲ. ಅದನ್ನ ಹರಡೋ ಉಣುಗು ಬೆಳೆದು ಸಂಖ್ಯೆ ಹೆಚ್ಚಿಸಿಕೊಳ್ಳೋದು ದನ, ಜಿಂಕೆಯಂಥ ದೊಡ್ಡ ಪ್ರಾಣಿಗಳ ರಕ್ತ ಕುಡಿದು. ದನವೂ ಜಿಂಕೆಯೂ ಒಂದೇ ಮೇವಿನ ತುಂಡಲ್ಲಿ, ಅದೂ ಮನೆ ಹಿತ್ತಲಲ್ಲಿ ಮೇಯೋ ಹಾಗೆ ಮಾಡಿದ್ರೆ ಡಿಸೆಂಬರ್‌ನಿಂದ ಮೇವರೆಗೆ ಅಲ್ಲಿ ಓಡಾಡೋ ಮಕ್ಕಳ ಕಾಲಿಗೆ ಏನು ಹತ್ತುತ್ತೆ ಅನ್ನೋದು ಊಹಿಸೋಕೆ ಕಷ್ಟ ಇಲ್ಲ.

ಹಾಗಾಗಿ ಬಿತ್ತೋ ಕೆಲಸ ಅರಣ್ಯ ಇಲಾಖೆಯದು, ಜಾಗ ಕಾಡಿನ ಒಳಗೆ. ಊರಿನವರು ಸೇರಬಹುದಾದ ಕಡೆ ಒಂದಿದೆ: ಬೀಜ ಸಂಗ್ರಹ. ಕಾಡು ಹುಲ್ಲಿನ ತೆನೆ ಬಲಿಯೋದು ಮಳೆ ನಿಂತ ಮೇಲೆ, ನವೆಂಬರ್‌ನಿಂದ ಜನವರಿವರೆಗೆ. ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಒಂದು ಕಡ್ಡಿಯನ್ನೂ ತರುವಂತಿಲ್ಲ, ಆದ್ರೆ ಸ್ವಂತ ಬೇಣದಲ್ಲಿ ಕೊಯ್ಯೋಕೆ ತಡೆ ಇಲ್ಲ. ಗಿರಿಜನ ಸಂಘ, ಗ್ರಾಮ ಅರಣ್ಯ ಸಮಿತಿಗಳಿಂದ ಇಲಾಖೆ ಆ ಬೀಜ ಕೊಂಡರೆ ಕೊಯ್ಯೋರಿಗೆ ನಾಲ್ಕು ಕಾಸು. ಜೂನ್‌ನಲ್ಲಿ ಟೆಂಡರ್ ಕರೆದು ಎಲ್ಲಿಂದಲೋ ಬೀಜ ತರಿಸೋದಾದ್ರೆ ಬರೋದು ಮತ್ತದೇ ಗಿನಿ ಹುಲ್ಲು.