ಸಾರ್ವಜನಿಕ ಧನವೂ ತನಿಖಾಧಿಕಾರಿಯೂ

ಕಳ್ಳನು ಸಿಕ್ಕಿಬಿದ್ದನೆಂಬ ವರ್ತಮಾನವು ನಮ್ಮ ಜನರಿಗೆ ಉಂಟುಮಾಡುವ ಸಂತೋಷವು ಅಷ್ಟಿಷ್ಟಲ್ಲ. ಆದರೆ ಕಳುವಾದ ಗಂಟು ಒಡೆಯನ ಕೈಗೆ ಮರಳಿ ಬಂದಿತೆ ಎಂಬುದನ್ನು ವಿಚಾರಿಸುವವರು ವಿರಳ. ಸಾರ್ವಜನಿಕ ಧನದ ವಿಷಯದಲ್ಲಂತೂ ಈ ಅಲಕ್ಷ್ಯವು ರೂಢಿಯೇ ಆಗಿಬಿಟ್ಟಿದೆ. ಮೊಕದ್ದಮೆ ದಾಖಲಾಯಿತು, ನಾಲ್ವರು ಅಮಾನತಾದರು ಎಂಬಲ್ಲಿಗೆ ಸರ್ಕಾರದವರ ಕರ್ತವ್ಯವೂ ಪ್ರಜೆಗಳ ಕುತೂಹಲವೂ ಒಟ್ಟಿಗೆ ಮುಗಿಯುತ್ತವೆ. ಹೋದ ಹಣವನ್ನು ಹುಡುಕಿ, ಲೆಕ್ಕಹಾಕಿ, ವಸೂಲು ಮಾಡಿಸಿ, ಕಳೆದುಕೊಂಡವನಿಗೆ ತಲಪಿಸುವ ಕೆಲಸವು ಹಿಂದೆ ಉಳಿಯುತ್ತದೆ. ಆ ಕೆಲಸವನ್ನು ಮಾಡಬೇಕಾದ ತನಿಖಾಧಿಕಾರಿಯ ವಿಷಯವಾಗಿ ಇಂದು ನಾಲ್ಕು ಮಾತುಗಳನ್ನು ಬರೆಯುವುದು ಉಚಿತವೆಂದು ಭಾವಿಸುತ್ತೇವೆ.

ದೂರದ ನಿದರ್ಶನವನ್ನು ಅರಸಬೇಕಾಗಿಲ್ಲ. ಮಂಡ್ಯ ಜಿಲ್ಲೆಯ ಹಾಲು ಉತ್ಪಾದಕರ ಸಂಘಗಳ ಒಕ್ಕೂಟವು, ಎಂದರೆ ನಮ್ಮ ಜನರು ಮನ್‌ಮುಲ್ ಎಂದು ಕರೆಯುವ ಸಂಸ್ಥೆಯು, ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಡೈರಿಯನ್ನು ನಡೆಸುತ್ತಿದೆ. 2021ರಲ್ಲಿ, ಈ ಡೈರಿಗೆ ಹಾಲು ತರುತ್ತಿದ್ದ ಟ್ಯಾಂಕರುಗಳೊಳಗೆ ಕಣ್ಣಿಗೆ ಬೀಳದಂತೆ ಬೇರೊಂದು ಅರೆಯನ್ನು ಮಾಡಿಸಿ, ಹಾಲಿನ ಲೆಕ್ಕದಲ್ಲಿ ನೀರನ್ನು ಸೇರಿಸುತ್ತಿದ್ದ ಸಂಗತಿಯು ಹೊರಬಿದ್ದಿತು. ಪ್ರಕರಣವು ಸಿ.ಐ.ಡಿ.ಯವರ ತನಿಖೆಗೆ ಹೋಯಿತು. ಅಪರಾಧಿಗಳು ಯಾರೆಂದು ನಿರ್ಣಯಿಸುವುದು ನ್ಯಾಯಾಲಯದ ಕೆಲಸವೇ ಹೊರತು ಪತ್ರಿಕೆಯದಲ್ಲ. ಆದರೆ ನಷ್ಟವು ಯಾರದೆಂಬುದಕ್ಕೆ ನ್ಯಾಯಾಲಯದ ತೀರ್ಪು ಬೇಕಿಲ್ಲ. ಮಳವಳ್ಳಿಯ ಕಡೆಯ ಹಳ್ಳಿಯೊಂದರಲ್ಲಿ ಬೆಳಗಿನ ಜಾವ ಎದ್ದು, ಹಸು ಕರೆದು, ಎರಡು ಲೀಟರು ಹಾಲನ್ನು ಸಂಘಕ್ಕೆ ಹಾಕುವ ಹೆಂಗಸನ್ನು ವಾಚಕರು ಕ್ಷಣಕಾಲ ನೆನೆಯಲಿ. ಆಕೆಯ ಪಾತ್ರೆಗೆ ಮಾಪಕವನ್ನು ಇಳಿಸುತ್ತಾರೆ. ಜಿಡ್ಡಿನ ಅಂಶವೆಷ್ಟು, ಜಿಡ್ಡಲ್ಲದ ಘನಾಂಶವೆಷ್ಟು ಎಂದು ಪರೀಕ್ಷಿಸುತ್ತಾರೆ. ಕೊಂಚ ತೆಳುವಾಗಿದ್ದರೆ ದರವನ್ನು ಇಳಿಸುತ್ತಾರೆ. ಇದು ನ್ಯಾಯವೇ ಸರಿ. ಆದರೆ ಸಂಘದ ಬಾಗಿಲಲ್ಲಿ ಬಡವಳ ಒಂದು ಪಾವು ನೀರನ್ನು ಹಿಡಿಯುವ ಏರ್ಪಾಡು, ಹೆದ್ದಾರಿಯ ಮೇಲೆ ಟ್ಯಾಂಕರುಗಟ್ಟಲೆ ನೀರನ್ನು ಬಿಟ್ಟುಕೊಡುವುದಾದರೆ ಅದನ್ನು ಏನೆಂದು ಕರೆಯೋಣ?

ಇಂಥ ಮೋಸವನ್ನು ಕಂಡುಹಿಡಿಯುವುದು ಲಾಠಿಯ ಕೆಲಸವಲ್ಲ, ಲೆಕ್ಕದ ಕೆಲಸ. ಹಾಲು ನೀರಿಗಿಂತ ನೂರಕ್ಕೆ ಸುಮಾರು 3 ಪಾಲು ಮಾತ್ರ ಹೆಚ್ಚು ಭಾರ. ಆದುದರಿಂದ ತಕ್ಕಡಿಯು ಒಂದೇ ನೋಟಕ್ಕೆ ಸತ್ಯವನ್ನು ಹೇಳಲಾರದು. ಆದರೆ ನೀರು ಅಳತೆಯನ್ನು ಹೆಚ್ಚಿಸಬಲ್ಲುದೇ ಹೊರತು ಬೆಣ್ಣೆಯನ್ನು ಹೆಚ್ಚಿಸಲಾರದು. ಊರೂರಿನ ಸಂಘಗಳಲ್ಲಿ ಕೊಂಡ ಹಾಲಿನ ಜಿಡ್ಡು ಒಟ್ಟು ಎಷ್ಟು, ಡೈರಿಯಲ್ಲಿ ಇಳಿಸಿಕೊಂಡುದು ಎಷ್ಟು, ಪೊಟ್ಟಣದ ಹಾಲು, ಬೆಣ್ಣೆ, ತುಪ್ಪ, ಪುಡಿಗಳಾಗಿ ಹೊರಕ್ಕೆ ಹೋದುದು ಎಷ್ಟು ಎಂದು ಮೂರು ಪುಸ್ತಕಗಳನ್ನು ಎದುರಿಗೆ ಇಟ್ಟುಕೊಂಡು ಕೂಡಿ ಕಳೆದರೆ, ಸೋರಿದ ಜಾಗವು ತಾನಾಗಿ ಕಾಣುತ್ತದೆ. ಅದರೊಡನೆ ವಾಹನವು ಹೊರಟ ಹೊತ್ತು, ತಲಪಿದ ಹೊತ್ತು, ಮುದ್ರೆ ಒಡೆದವನ ರುಜು ಇವುಗಳನ್ನು ಹೊಂದಿಸಿ ನೋಡಬೇಕು. ಇದಕ್ಕೆ ತಾಳ್ಮೆ ಬೇಕು, ಕಿರ್ದಿ ಖಾತೆಗಳ ತಿಳಿವಳಿಕೆ ಬೇಕು, ಮುಖ್ಯವಾಗಿ ಯಾರ ಮುಖವನ್ನೂ ನೋಡದ ನಿರ್ಭೀತಿ ಬೇಕು.

ಕಾಲುವೆಯ ಕೆಲಸದಲ್ಲಿಯೂ ಹೀಗೆಯೇ. ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿರುವ ಮಳವಳ್ಳಿಯ ರೈತನಿಗೆ ನೀರು ಬಾರದಿದ್ದಾಗ, ದುರಸ್ತಿಯಾಯಿತೆಂದು ಅಳತೆ ಪುಸ್ತಕದಲ್ಲಿ ಬರೆದಿರುವುದಕ್ಕೂ ನೆಲದ ಮೇಲೆ ಇರುವುದಕ್ಕೂ ತಾಳೆ ಇದೆಯೆ ಎಂದು ಟೇಪು ಹಿಡಿದು ನಾಲೆಗೆ ಇಳಿದು ನೋಡುವ ಅಧಿಕಾರಿಯೊಬ್ಬನು, ನೂರು ಭಾಷಣಗಳಿಗಿಂತ ಮೇಲು.

ಈ ವಿದ್ಯೆಯು ನಮ್ಮ ದೇಶಕ್ಕೆ ಹೊಸದಲ್ಲ. ರಾಜ್ಯದ ಬೊಕ್ಕಸವನ್ನು ನೌಕರರು ಅಪಹರಿಸುವ ಬಗೆಗಳು ನಾಲ್ವತ್ತೆಂದು ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ಎಣಿಸಿಟ್ಟಿದ್ದಾನೆ. ಈಚಿನ ಕಾಲದಲ್ಲಿ ನಮ್ಮ ರಾಜ್ಯದ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರಲ್ಲಿ ಒಪ್ಪಿಸಿದ ಗಣಿಗಾರಿಕೆಯ ವರದಿಯೂ ಇದೇ ಮಾರ್ಗದ ಫಲವಾಗಿತ್ತು. ಅರಣ್ಯ ಇಲಾಖೆಯ ಅಧಿಕಾರಿ ಯು.ವಿ. ಸಿಂಗ್ ಅವರ ತಂಡವು ಅದಿರು ಸಾಗಣೆಯ ರಹದಾರಿಗಳನ್ನೂ ಬಂದರುಗಳ ರಫ್ತಿನ ದಾಖಲೆಗಳನ್ನೂ ತಾಳೆ ನೋಡಿತು. ಬೊಕ್ಕಸಕ್ಕಾದ ನಷ್ಟವು 16,000 ಕೋಟಿ ರೂಪಾಯಿಗಳಿಗೂ ಮೀರಿದುದೆಂದು ವರದಿಯು ಹೇಳಿತು. ಕಾಗದವನ್ನು ಓದಬಲ್ಲ ಕೆಲವೇ ಜನರು ಏನನ್ನು ಸಾಧಿಸಬಹುದೆಂಬುದಕ್ಕೆ ಇದು ಸಾಕ್ಷಿ.

ಇನ್ನು ಕಾನೂನಿನ ಮಾತು. ಅಪರಾಧಿಗೆ ಸೆರೆವಾಸವನ್ನು ವಿಧಿಸಬೇಕಾದರೆ ಸಂಶಯಕ್ಕೆ ಎಡೆಯಿಲ್ಲದಂತೆ ಅಪರಾಧವು ರುಜುವಾತಾಗಬೇಕು, ಇದು ಯುಕ್ತವಾದುದೇ. ಆದರೆ ಹಣವನ್ನು ಹಿಂದಕ್ಕೆ ಪಡೆಯುವ ಸಿವಿಲ್ ವಿಚಾರಣೆಯಲ್ಲಿ ಸಂಭವವು ಯಾವ ಪಕ್ಷದ ಕಡೆಗೆ ವಾಲುತ್ತದೆಂಬುದನ್ನು ತೂಗಿದರೆ ಸಾಕು. 1959ರ ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮದ 64ನೆಯ ಪ್ರಕರಣದಲ್ಲಿ ವಿಚಾರಣೆಗೂ, 69ನೆಯ ಪ್ರಕರಣದಲ್ಲಿ ಸಂಘದ ಹಣವನ್ನು ದುರುಪಯೋಗಪಡಿಸಿದ ಆಡಳಿತದವರಿಂದಲೂ ನೌಕರರಿಂದಲೂ ಅದನ್ನು ಬಡ್ಡಿಸಹಿತ ಕಟ್ಟಿಸುವುದಕ್ಕೂ ಅಧಿಕಾರವುಂಟು. ಭೂಕಂದಾಯದ ಬಾಕಿಯಂತೆ ವಸೂಲು ಮಾಡುವ ದಾರಿಯೂ ಉಂಟು. ಹೊರಗಿನ ಗುತ್ತಿಗೆದಾರನ ಮೇಲೆ ಕರಾರಿನ ಪ್ರಕಾರ ನಷ್ಟಪರಿಹಾರಕ್ಕೆ ದಾವೆ ಹೂಡಬಹುದು. ಕ್ರಿಮಿನಲ್ ಮೊಕದ್ದಮೆಯು ಮುಗಿಯಲಿ, ಆಮೇಲೆ ನೋಡೋಣವೆಂದು ಕಡತವನ್ನು ಕಟ್ಟಿಡುವುದಕ್ಕೆ ಯಾವ ಶಾಸನವೂ ಅಪ್ಪಣೆ ಕೊಟ್ಟಿಲ್ಲ. ಆದರೂ ಕಚೇರಿಗಳಲ್ಲಿ ಆ ಅಭ್ಯಾಸವು ಬೇರೂರಿದೆ. ಅಷ್ಟರಲ್ಲಿ ಆಸ್ತಿಯು ಹೆಂಡತಿಯ ಹೆಸರಿಗೋ ಭಾವಮೈದನ ಹೆಸರಿಗೋ ಹೋಗಿರುತ್ತದೆ.

ಅಮೆರಿಕದವರು ಈ ವಿಷಯದಲ್ಲಿ ಹೆಚ್ಚು ಎಚ್ಚರ ವಹಿಸಿದ್ದಾರೆ. ಅಂತರ್ಯುದ್ಧದಲ್ಲಿ ಸೇನೆಗೆ ಕೆಟ್ಟ ಸರಕನ್ನು ಒದಗಿಸಿ ಹಣ ಮಾಡಿದ ಗುತ್ತಿಗೆದಾರರನ್ನು ನಿಗ್ರಹಿಸಲು ಲಿಂಕನ್ನರ ಕಾಲದಲ್ಲಿ, 1863ರಲ್ಲಿ, ಶಾಸನವೊಂದಾಯಿತು. 1986ರ ತಿದ್ದುಪಡಿಯ ಮೇಲೆ, ಸರ್ಕಾರವನ್ನು ವಂಚಿಸಿದವನು ನಷ್ಟದ ಮೂರರಷ್ಟನ್ನು ತೆರಬೇಕಾಗುತ್ತದೆ. ಮೋಸವನ್ನು ತಿಳಿಸಿ ದಾವೆ ತಂದವನಿಗೆ ವಸೂಲಾದುದರಲ್ಲಿ ನೂರಕ್ಕೆ 15ರಿಂದ 30ರ ವರೆಗೆ ಪಾಲು ಸಲ್ಲುತ್ತದೆ. ನಮ್ಮಲ್ಲಿ ಮೋಸವನ್ನು ತಿಳಿಸಿದ ಗುಮಾಸ್ತನಿಗೆ ಸಲ್ಲುವುದು ಬಹುಮಟ್ಟಿಗೆ ವರ್ಗಾವಣೆಯ ಆಜ್ಞೆ. ಆದ ಕಾರಣವೇ ಅವನು ತನ್ನ ಹೆಸರಿಲ್ಲದ ಮೂಗರ್ಜಿಯನ್ನು ಬರೆಯುತ್ತಾನೆ. ಮೂಗರ್ಜಿಯೆಂಬ ಕಾರಣಕ್ಕೆ ಮೇಲಿನವರು ಅದನ್ನು ಕಸದ ಬುಟ್ಟಿಗೆ ಹಾಕುತ್ತಾರೆ.

ತನಿಖಾಧಿಕಾರಿಯ ಪಾಡೂ ಇದಕ್ಕಿಂತ ಉತ್ತಮವಲ್ಲ. ಯಾವ ಇಲಾಖೆಯ ಲೆಕ್ಕವನ್ನು ಶೋಧಿಸಬೇಕೋ ಆ ಇಲಾಖೆಯವರೇ ಅವನ ಮೇಲಧಿಕಾರಿಗಳು. ಒಂದು ವಿಚಾರಣೆಯು ಮುಗಿಯುವ ಮೊದಲೇ ಇನ್ನೆರಡು ಅವನ ಕೊರಳಿಗೆ ಬೀಳುತ್ತವೆ. ಸಂಸ್ಥೆಗಳೇ ಸ್ಥಿರವಾಗಿಲ್ಲದ ಕಡೆ ವ್ಯಕ್ತಿಯು ಸ್ಥಿರವಾಗಿರುವುದು ಹೇಗೆ? 1984ರ ಅಧಿನಿಯಮದಿಂದ ಹುಟ್ಟಿದ ಲೋಕಾಯುಕ್ತವು ನಡೆಸುತ್ತಿದ್ದ ಭ್ರಷ್ಟಾಚಾರದ ತನಿಖೆಯನ್ನು 2016ರಲ್ಲಿ ಸರ್ಕಾರದವರು ಬೇರೊಂದು ದಳಕ್ಕೆ ಕೊಟ್ಟರು. 2022ರ ಆಗಸ್ಟಿನಲ್ಲಿ ಉಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ರದ್ದುಪಡಿಸಿತು. ಈ ಆರು ವರ್ಷಗಳ ಏರಿಳಿತದಲ್ಲಿ ಕಡತಗಳು ಮೇಜಿನಿಂದ ಮೇಜಿಗೆ ಯಾತ್ರೆ ಮಾಡಿದವು.

ತನಿಖಾಧಿಕಾರಿಗೂ ನಾವು ಒಂದು ಮಾತನ್ನು ಹೇಳಬೇಕು. ಕೂಡುವಾಗ ಆದ ತಪ್ಪು ಬೇರೆ, ಕೂಡಿಯೇ ಮಾಡಿದ ಮೋಸ ಬೇರೆ. ಹಳ್ಳಿಯ ಸಂಘದ ಕಾರ್ಯದರ್ಶಿಯು ಕೊಂಚ ಸಂಬಳಕ್ಕೆ ದುಡಿಯುವ ಬಡಪಾಯಿ. ಅವನ ಅಜ್ಞಾನವನ್ನು ಅಪರಾಧವೆಂದು ಬರೆದು, ದೊಡ್ಡವರ ಜಾಣತನವನ್ನು ಅಜಾಗ್ರತೆಯೆಂದು ಬರೆಯುವ ವರದಿಯು ಎರಡನೆಯ ಮೋಸವಾಗುತ್ತದೆ. ಆಪಾದಿತನ ಜವಾಬನ್ನು ಪೂರ್ತಿಯಾಗಿ ಕೇಳಿ, ಬರೆದುಕೊಂಡು, ಅನಂತರ ತೀರ್ಮಾನಕ್ಕೆ ಬರುವುದು ಧರ್ಮವೂ ಹೌದು, ಮೇಲ್ಮನವಿಯಲ್ಲಿ ವರದಿಯು ಉಳಿಯುವ ಉಪಾಯವೂ ಹೌದು.

ಯಂತ್ರವು ಬಂದರೆ ಮೋಸವು ಹೋಗುತ್ತದೆಂದು ನಂಬುವವರಿದ್ದಾರೆ. ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದ ಭೂಮಿ ಯೋಜನೆಯನ್ನು ಮೊದಮೊದಲು ಪ್ರಯೋಗಿಸಿ ನೋಡಿದ ತಾಲ್ಲೂಕುಗಳಲ್ಲಿ ಮದ್ದೂರೂ ಒಂದು. ಅದರಿಂದ ರೈತರಿಗೆ ಬಹಳ ಉಪಕಾರವಾಯಿತೆಂಬುದರಲ್ಲಿ ಸಂದೇಹವಿಲ್ಲ. ಗ್ರಾಮಲೆಕ್ಕಿಗನ ಪೆಟ್ಟಿಗೆಯಲ್ಲಿದ್ದ ಪುಸ್ತಕವು ಎಲ್ಲರ ಕಣ್ಣಿಗೆ ಬಿದ್ದಿತು. ಆದರೆ ಯಂತ್ರವು ತನ್ನೊಳಗೆ ಹಾಕಿದುದನ್ನು ಮಾತ್ರ ಹೇಳುತ್ತದೆ. ಹಾಕಿದವನನ್ನು ಕೇಳುವುದಕ್ಕೆ ಮನುಷ್ಯನೇ ಬೇಕು.

ಆದುದರಿಂದ ಸರ್ಕಾರದವರಲ್ಲಿ ನಮ್ಮ ವಿಜ್ಞಾಪನೆಯು ಇಷ್ಟು. ಸಹಕಾರಿ ಸಂಸ್ಥೆಗಳ ಮತ್ತು ಕಾಮಗಾರಿಗಳ ಮೋಸವನ್ನು ಶೋಧಿಸುವವರು ಆಯಾ ಇಲಾಖೆಯ ಅಧೀನದಿಂದ ಹೊರಗಿರಲಿ. ಕೈಗೊಂಡ ವಿಚಾರಣೆಯು ಮುಗಿಯುವ ತನಕ ಅವರ ವರ್ಗಾವಣೆಯಾಗದಿರಲಿ. ವಸೂಲಿಯ ಕ್ರಮವು ಕ್ರಿಮಿನಲ್ ಮೊಕದ್ದಮೆಗಾಗಿ ಕಾಯದೆ ಅದರ ಜೊತೆಯಲ್ಲಿಯೇ ನಡೆಯಲಿ. ಎಷ್ಟು ಹೋಯಿತು, ಎಷ್ಟು ಬಂದಿತು ಎಂಬ ಲೆಕ್ಕವನ್ನು ಪ್ರತಿ ಸಂಘದ ಮಹಾಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಲಿ. ಬಂದುದು ಹಾಲು ಹಾಕಿದವರ ಖಾತೆಗೆ ಸೇರಲಿ.

ಮದ್ದೂರಿನ ಬಳಿಯ ಶಿವಪುರದಲ್ಲಿ 1938ರ ಏಪ್ರಿಲಿನಲ್ಲಿ ನಿಷೇಧವನ್ನು ಮೀರಿ ಧ್ವಜವನ್ನು ಏರಿಸಿದವರು ಬೇಡಿದುದು ಜವಾಬ್ದಾರಿ ಸರ್ಕಾರವನ್ನು. ಆ ಮಾತಿನ ಅರ್ಥವು ಸರಳವಾದುದು: ಕೇಳಿದಾಗ ಜವಾಬು ಕೊಡಬೇಕಾದ ಸರ್ಕಾರ. ಮಳವಳ್ಳಿಯ ಆ ಹೆಂಗಸು ತನ್ನ ಎರಡು ಲೀಟರು ಹಾಲಿಗೆ ದಿನವೂ ಲೆಕ್ಕ ಒಪ್ಪಿಸುತ್ತಾಳೆ. ಅವಳ ಹಣವನ್ನು ಕಾಯುವವರೂ ಅಷ್ಟನ್ನು ಒಪ್ಪಿಸಲಿ.