ಬೀದರದ ವಾಯುನೆಲೆ: ಬಾಗಿಲು ತೆರೆದರಷ್ಟೇ ಸಾಲದು

ತೆಲಂಗಾಣದ ಆದಿಲಾಬಾದಿನಲ್ಲಿ ನಿಜಾಮರ ಆಳ್ವಿಕೆಯ ಕಾಲದ ವಿಮಾನ ಮೈದಾನವೊಂದಿದೆ. ವಾಯುಪಡೆಯ ಸ್ವಾಧೀನದಲ್ಲಿರುವ ಆ ನೆಲದಲ್ಲಿ ನಾಗರಿಕ ವಿಮಾನಗಳಿಗೂ ಅವಕಾಶ ಕೊಡಬೇಕೆಂದು ರಾಜ್ಯ ಸರ್ಕಾರ ಮನವಿ ಮಾಡುತ್ತ ಬಂದಿತ್ತು. 2025ರಲ್ಲಿ ವಾಯುಪಡೆಯ ಸಮ್ಮತಿ ದೊರೆಯಿತು. ಆ ಜಿಲ್ಲೆಯ ಜನರಿಗೆ ಸಹಜವಾಗಿಯೇ ಸಂತೋಷವಾಗಿದೆ. ಆದರೆ ಹೈದರಾಬಾದಿನ ಕನ್ನಡಿಗರಾದ ನಮಗೆ ಈ ಸುದ್ದಿ ಓದಿದೊಡನೆ ನೆನಪಾದದ್ದು ನಮ್ಮ ನೆರೆಯ ಬೀದರ. ಆದಿಲಾಬಾದ್ ಇಂದು ನಿಂತಿರುವ ಜಾಗದಲ್ಲಿ ಬೀದರ ಬಹಳ ಹಿಂದೆಯೇ ನಿಂತಿತ್ತು. ಅನುಮತಿ ಸಿಕ್ಕಿದ ಮೇಲೆ ಏನೇನಾಗುತ್ತದೆ ಎಂಬುದನ್ನು ಬೀದರದ ಕಥೆಯಷ್ಟು ಸ್ಪಷ್ಟವಾಗಿ ಹೇಳಬಲ್ಲ ಉದಾಹರಣೆ ಇನ್ನೊಂದಿರಲಾರದು.

ಬೀದರ ನಮಗೆ ಪರ ಊರಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಅದು ಹೈದರಾಬಾದ್ ಸಂಸ್ಥಾನದ, ಅನಂತರ ಹೈದರಾಬಾದ್ ರಾಜ್ಯದ ಜಿಲ್ಲೆಯಾಗಿತ್ತು. ಈ ನಗರದಲ್ಲಿ ನೆಲೆಸಿರುವ ಅನೇಕ ಕನ್ನಡ ಕುಟುಂಬಗಳ ಮೂಲಮನೆ ಇಂದಿಗೂ ಭಾಲ್ಕಿಯಲ್ಲೋ ಹುಮನಾಬಾದಿನಲ್ಲೋ ಬಸವಕಲ್ಯಾಣದಲ್ಲೋ ಇದೆ. ನಮಗೆ ಬೀದರವೆಂದರೆ ಕೆಲವು ತಾಸುಗಳ ಬಸ್ಸಿನ ಪ್ರಯಾಣ. ಆದರೆ ಅಲ್ಲಿಯ ಜನರಿಗೆ ತಮ್ಮದೇ ರಾಜಧಾನಿಯಾದ ಬೆಂಗಳೂರು ಸುಮಾರು 700 ಕಿಲೋಮೀಟರ್ ದೂರ. ಆಸ್ಪತ್ರೆಗಾಗಲಿ, ನ್ಯಾಯಾಲಯಕ್ಕಾಗಲಿ, ವಿಧಾನಸೌಧದ ಕಚೇರಿಗಾಗಲಿ ಹೋಗಬೇಕಾದವರು ಒಂದು ಇಡೀ ರಾತ್ರಿಯನ್ನು ರೈಲಿನಲ್ಲೋ ಬಸ್ಸಿನಲ್ಲೋ ಕಳೆಯಬೇಕು. ಮಕ್ಕಳು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದು, ವೃದ್ಧ ತಂದೆತಾಯಿ ಊರಿನಲ್ಲಿರುವ ಮನೆಗಳ ಸಂಕಟವನ್ನು ಪ್ರತ್ಯೇಕವಾಗಿ ವಿವರಿಸಬೇಕಾಗಿಲ್ಲ.

ಬೀದರದ ವಾಯುನೆಲೆ 1942ರಷ್ಟು ಹಳೆಯದು. 1963ರಿಂದ ಅಲ್ಲಿ ವಿಮಾನ ಚಾಲಕರ ತರಬೇತಿ ನಡೆದು ಬಂದಿದೆ. ಆಕಾಶದಲ್ಲಿ ಚಮತ್ಕಾರ ತೋರುವ ‘ಸೂರ್ಯಕಿರಣ’ ತಂಡ 1996ರಲ್ಲಿ ಹುಟ್ಟಿದ್ದು ಇಲ್ಲಿಯೇ. 2008ರಲ್ಲಿ ಹಾಕ್ ತರಬೇತಿ ಜೆಟ್ಟುಗಳು ವಾಯುಪಡೆಗೆ ಸೇರ್ಪಡೆಯಾದದ್ದೂ ಇಲ್ಲಿಯೇ. ಹೀಗೆ ತಲೆಯ ಮೇಲೆ ದಿನವೂ ವಿಮಾನ ಹಾರುವುದನ್ನು ನೋಡುತ್ತಲೇ ಬೀದರದ ಎರಡು ತಲೆಮಾರುಗಳು ಬೆಳೆದವು. ಆದರೆ ತಾವು ಏರಬಹುದಾದ ವಿಮಾನವೊಂದು ಅಲ್ಲಿ ಇಳಿಯಲಿಲ್ಲ. ರನ್‌ವೇ ಇದೆ, ನಿಯಂತ್ರಣ ಗೋಪುರವಿದೆ, ಪಕ್ಕದಲ್ಲೊಂದು ಪ್ರಯಾಣಿಕರ ಕಟ್ಟಡ ಕಟ್ಟಿಕೊಂಡರಾಯಿತಲ್ಲ ಎಂಬ ಬೇಡಿಕೆ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ.

ಈ ಬೇಡಿಕೆಯಲ್ಲಿ ಅಸಂಗತವಾದದ್ದು ಏನೂ ಇಲ್ಲ. ಪುಣೆಯ ಲೋಹಗಾಂವ್ ವಾಯುಪಡೆಯ ನೆಲೆ, ಗೋವೆಯ ದಾಬೋಲಿಂ ನೌಕಾಪಡೆಯ ನೆಲೆ. ಎರಡೂ ಕಡೆ ಲಕ್ಷಾಂತರ ನಾಗರಿಕರು ಪ್ರಯಾಣಿಸುತ್ತಾರೆ. ಇಂಥ ಕಡೆಗಳಲ್ಲಿ ರನ್‌ವೇ ಹಾಗೂ ವಿಮಾನ ಸಂಚಾರದ ನಿಯಂತ್ರಣ ಸೇನೆಯ ಕೈಯಲ್ಲೇ ಉಳಿಯುತ್ತದೆ. ಪ್ರಯಾಣಿಕರ ಕಟ್ಟಡ ಮತ್ತು ವಿಮಾನ ನಿಲ್ಲುವ ಅಂಗಳವಷ್ಟೇ ನಾಗರಿಕ ಆಡಳಿತಕ್ಕೆ ಸೇರುತ್ತವೆ. ಯಾವ ಹೊತ್ತಿನಲ್ಲಿ ನಾಗರಿಕ ವಿಮಾನ ಇಳಿಯಬಹುದೆಂಬುದನ್ನು ಸೇನೆಯ ಅಗತ್ಯವೇ ನಿರ್ಧರಿಸುತ್ತದೆ. ರನ್‌ವೇ ದುರಸ್ತಿಗಾಗಿ 2021ರ ಅಕ್ಟೋಬರ್ 16ರಿಂದ 29ರವರೆಗೆ ಪುಣೆಯ ವಿಮಾನ ಸಂಚಾರವೆಲ್ಲ ನಿಂತುಹೋಗಿತ್ತು. 2025ರ ಮೇ ತಿಂಗಳ ಸಂಘರ್ಷದ ದಿನಗಳಲ್ಲಿ ಉತ್ತರ ಮತ್ತು ಪಶ್ಚಿಮ ಭಾರತದ 32 ವಿಮಾನ ನಿಲ್ದಾಣಗಳು ನಾಗರಿಕರಿಗೆ ಮುಚ್ಚಿದ್ದವು; ದೆಹಲಿಯ ಪಕ್ಕದ ಹಿಂಡನ್ ವಾಯುನೆಲೆಯೂ ಅವುಗಳಲ್ಲಿ ಒಂದು. ದೇಶರಕ್ಷಣೆ ಮೊದಲು, ನಮ್ಮ ಪ್ರಯಾಣ ಅನಂತರ. ಈ ಷರತ್ತನ್ನು ಒಪ್ಪಿಕೊಂಡೇ ಹಂಚಿಕೆಯ ನೆಲೆಯನ್ನು ಕೇಳಬೇಕು.

ಆದರೆ ಬೀದರದಲ್ಲಿ ದೊಡ್ಡ ತೊಡಕಾದದ್ದು ವಾಯುಪಡೆಯಲ್ಲ. ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣವನ್ನು ಕಟ್ಟುವಾಗ, 150 ಕಿಲೋಮೀಟರ್ ವ್ಯಾಪ್ತಿಯಲ್ಲಿ 25 ವರ್ಷಗಳ ಕಾಲ ಪೈಪೋಟಿಯ ನಿಲ್ದಾಣ ಬರಬಾರದೆಂಬ ರಕ್ಷಣೆಯನ್ನು ಜಿಎಂಆರ್ ಸಮೂಹದ ಕಂಪನಿಗೆ ಒಪ್ಪಂದದಲ್ಲಿ ನೀಡಲಾಗಿತ್ತು. ಬೀದರ ಆ ವೃತ್ತದ ಒಳಗೆ ಬೀಳುತ್ತದೆ. ಕಂಪನಿ ಆಕ್ಷೇಪಿಸಿತು. ಸಿದ್ಧವಾಗಿದ್ದ ಟರ್ಮಿನಲ್ ಕಟ್ಟಡ ಸುಮಾರು ಒಂದು ದಶಕ ಕಾಲ ಬಾಗಿಲು ಮುಚ್ಚಿಕೊಂಡು ನಿಂತಿತು. ಸೈನ್ಯದ ನೆಲದಲ್ಲಿ ನಾಗರಿಕರಿಗೆ ಅಡ್ಡಬಂದದ್ದು ಸೈನ್ಯವಲ್ಲ, ಇನ್ನೊಂದು ರಾಜ್ಯದ ನಗರದ ವಾಣಿಜ್ಯ ಒಪ್ಪಂದ ಎಂಬುದು ಅಂದು ಬಹಳ ಮಂದಿಗೆ ತಿಳಿದಿರಲಿಲ್ಲ.

ಇಲ್ಲಿ ಕಂಪನಿಯನ್ನು ದೂರಿ ಸುಮ್ಮನಾಗುವುದು ಸುಲಭ. ಬ್ಯಾಂಕಿನಲ್ಲಿ ಮೂರು ದಶಕ ದುಡಿದ ನಮಗೆ ಆ ಷರತ್ತಿನ ಅರ್ಥವೂ ತಿಳಿಯುತ್ತದೆ. ಸಾವಿರಾರು ಕೋಟಿಯ ಸಾಲ ತೀರಲು ಹಲವು ವರ್ಷ ಬೇಕು. ಪಕ್ಕದಲ್ಲೇ ಪ್ರತಿಸ್ಪರ್ಧಿ ಎದ್ದರೆ ಸಾಲ ಕೊಟ್ಟವರ ಗತಿಯೇನು ಎಂಬ ಪ್ರಶ್ನೆ ನ್ಯಾಯವಾದದ್ದೇ. ಇದೇ ಕಾರಣದಿಂದ 2008ರಲ್ಲಿ ನಮ್ಮ ಬೇಗಂಪೇಟೆಯೂ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣವೂ ಸಾಮಾನ್ಯ ಪ್ರಯಾಣಿಕರಿಗೆ ಮುಚ್ಚಿದವು. ಆದರೆ ದಿನಕ್ಕೊಂದು ಸಣ್ಣ ವಿಮಾನ ಬರುವ ಜಿಲ್ಲಾ ಕೇಂದ್ರವನ್ನು ಮಹಾನಗರದ ಪ್ರತಿಸ್ಪರ್ಧಿಯೆಂದು ಎಣಿಸುವುದು ವಿವೇಕವಲ್ಲ. ಒಪ್ಪಂದ ಬರೆಯುವಾಗಲೇ ಇಂಥ ಊರುಗಳಿಗೆ ವಿನಾಯಿತಿ ಕೇಳಬಹುದಾಗಿತ್ತು. ಬೆಂಗಳೂರಿನ ಒಪ್ಪಂದದಲ್ಲಿ ಮೈಸೂರು ಮತ್ತು ಹಾಸನಗಳಿಗೆ ಅಂಥ ವಿನಾಯಿತಿ ಇದೆ. ಹೈದರಾಬಾದಿನ ಒಪ್ಪಂದದ ಹೊತ್ತಿಗೆ ಗಡಿಯಾಚೆಯ ಬೀದರದ ಪರವಾಗಿ ವಾದಿಸುವವರು ಆ ಮೇಜಿನ ಸುತ್ತ ಇರಲಿಲ್ಲ. ಗಡಿ ಜಿಲ್ಲೆಗಳ ದುರ್ದೈವ ಹೀಗೆ ಮೌನವಾಗಿ ಬರೆಯಲ್ಪಡುತ್ತದೆ.

ಕೊನೆಗೆ ಸಂಧಾನವಾದದ್ದು ವಿಶಿಷ್ಟ ರೀತಿಯಲ್ಲಿ. ಆಕ್ಷೇಪಿಸಿದ ಸಮೂಹಕ್ಕೇ ಬೀದರದ ನಾಗರಿಕ ಟರ್ಮಿನಲ್ಲಿನ ನಿರ್ವಹಣೆಯನ್ನು ವಹಿಸಲಾಯಿತು. 2020ರ ಫೆಬ್ರವರಿ 7ರಂದು ಅಂದಿನ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರು ನಿಲ್ದಾಣವನ್ನು ಉದ್ಘಾಟಿಸಿದರು. ಕೇಂದ್ರದ ‘ಉಡಾನ್’ ಯೋಜನೆಯಡಿ ಟ್ರೂಜೆಟ್ ಸಂಸ್ಥೆಯ ವಿಮಾನ ಬೆಂಗಳೂರಿಗೆ ಹಾರಿತು. ಒಂದೂವರೆ ತಿಂಗಳಾಗುವಷ್ಟರಲ್ಲಿ ಕೊರೋನಾ ಬಂದು ದೇಶದ ವಿಮಾನಗಳೆಲ್ಲ ನೆಲ ಹಿಡಿದವು. ಸಂಚಾರ ಮತ್ತೆ ಆರಂಭವಾಯಿತಾದರೂ 2022ರಲ್ಲಿ ಟ್ರೂಜೆಟ್ಟೇ ಸ್ಥಗಿತಗೊಂಡಿತು. ಅದೇ ವರ್ಷ ಸ್ಟಾರ್ ಏರ್ ಬಂದಿತು. 2023ರ ಕೊನೆಯಲ್ಲಿ ಅದೂ ನಿಂತಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ಬೀದರದ ಟರ್ಮಿನಲ್ ಮತ್ತೆ ಖಾಲಿ ಉಳಿಯಿತು. ರಾಜ್ಯ ಸರ್ಕಾರ ನಷ್ಟ ತುಂಬಿಕೊಡಲು ಒಪ್ಪಿದ ಮೇಲೆ 2025ರ ಏಪ್ರಿಲ್‌ನಲ್ಲಿ ವಿಮಾನ ಪುನಃ ಹಾರಿತು.

ಈ ಏಳುಬೀಳಿನ ಕಾರಣ ಉಡಾನ್ ಯೋಜನೆಯ ರಚನೆಯಲ್ಲೇ ಇದೆ. ನಿಗದಿತ ಸಂಖ್ಯೆಯ ಆಸನಗಳನ್ನು ಕಡಿಮೆ ದರಕ್ಕೆ ಮಾರಬೇಕು. ಆ ನಷ್ಟವನ್ನು ಸರ್ಕಾರ ಮೂರು ವರ್ಷ ಭರಿಸುತ್ತದೆ. ಅಷ್ಟರಲ್ಲಿ ಮಾರ್ಗ ತನ್ನ ಕಾಲ ಮೇಲೆ ನಿಲ್ಲಬೇಕೆಂಬುದು ಆಶಯ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಕಟ್ಟಡಕ್ಕೆ ಸಾಲ ಮಂಜೂರಾಗುವುದು ಒಂದು ಮಾತು, ದಿನದ ವ್ಯವಹಾರಕ್ಕೆ ದುಡಿಮೆಯ ಬಂಡವಾಳ ಒದಗುವುದು ಇನ್ನೊಂದು ಮಾತು. ಕಾರ್ಖಾನೆಗಳು ಮುಳುಗುವುದು ಬಹುಪಾಲು ಎರಡನೆಯದರ ಕೊರತೆಯಿಂದ. ಬೀದರಕ್ಕೆ ಮೊದಲನೆಯದು ಸಿಕ್ಕಿತು. ಎರಡನೆಯದರ ಬಗ್ಗೆ ಯಾರೂ ಹೊತ್ತಿಗೆ ಮುಂಚೆ ಯೋಚಿಸಲಿಲ್ಲ. ಸೇವೆ ಯಾವಾಗ ನಿಲ್ಲುವುದೋ ಎಂಬ ಅನುಮಾನವಿರುವ ಊರಿನಲ್ಲಿ ವ್ಯಾಪಾರಿಯಾಗಲಿ ರೋಗಿಯಾಗಲಿ ವಿಮಾನವನ್ನು ನೆಚ್ಚಿಕೊಳ್ಳುವುದಿಲ್ಲ. ರೈಲಿನ ಟಿಕೇಟನ್ನೂ ಕಾಯ್ದಿರಿಸಿಟ್ಟುಕೊಳ್ಳುತ್ತಾನೆ. ಜನ ನೆಚ್ಚದಿದ್ದರೆ ಆಸನ ತುಂಬುವುದಿಲ್ಲ, ಆಸನ ತುಂಬದಿದ್ದರೆ ವಿಮಾನ ನಿಲ್ಲುತ್ತದೆ.

ಹಾಗೆಂದು ಬೀದರಕ್ಕೆ ಪ್ರಯಾಣಿಕರೇ ಇಲ್ಲವೆನ್ನಲಾಗದು. ಗುರುನಾನಕ್ ಝೀರಾ ಸಾಹಿಬ್ ಗುರುದ್ವಾರಕ್ಕೆ ಪಂಜಾಬಿನಿಂದ ಯಾತ್ರಿಕರು ಬರುತ್ತಾರೆ, ಬಸವಕಲ್ಯಾಣಕ್ಕೆ ಶರಣರ ಭಕ್ತರು ಬರುತ್ತಾರೆ, ಕೋಟೆಯನ್ನೂ ಬಿದರಿ ಕಲೆಯನ್ನೂ ಕಾಣಲು ಪ್ರವಾಸಿಗರು ಬರುತ್ತಾರೆ, ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ಇವರನ್ನು ವಿಮಾನದವರೆಗೆ ತರುವ ವ್ಯವಸ್ಥೆ ಬೇಕು. ಬೆಳಿಗ್ಗೆ ಹೋಗಿ ಸಂಜೆ ಮರಳಬಹುದಾದ ವೇಳಾಪಟ್ಟಿಗಾಗಿ ವಾಯುಪಡೆಯೊಡನೆ ತಾಳ್ಮೆಯಿಂದ ಮಾತನಾಡಬೇಕು. ಸಹಾಯಧನವನ್ನು ವರ್ಷವರ್ಷವೂ ಮಂತ್ರಿಮಂಡಲದ ದಯೆಗೆ ಬಿಡದೆ ಕನಿಷ್ಠ ಐದು ವರ್ಷಕ್ಕೆ ನಿಗದಿಪಡಿಸಬೇಕು. ಎಷ್ಟು ಹಣ ಕೊಟ್ಟೆವು, ಎಷ್ಟು ಮಂದಿ ಪ್ರಯಾಣಿಸಿದರು ಎಂಬ ಲೆಕ್ಕವನ್ನು ಜನರ ಮುಂದಿಡಬೇಕು. ವಿಮಾನ ಏರದ ರೈತನ ತೆರಿಗೆಯೂ ಅದರಲ್ಲಿದೆ. ಅವನಿಗೆ ಉತ್ತರ ಹೇಳಲಾಗದ ಸಹಾಯಧನ ಹೆಚ್ಚು ದಿನ ಬಾಳದು.

ಆದಿಲಾಬಾದಿನ ಬಂಧುಗಳಿಗೆ ನಾವು ಹೇಳಬಯಸುವುದೂ ಇದನ್ನೇ. ವಾಯುಪಡೆ ಬಾಗಿಲು ತೆರೆದಿದೆ, ಸಂತೋಷ. ಆದರೆ ಅಡಿಗಲ್ಲಿನ ಸಮಾರಂಭಕ್ಕೆ ಮುಂಚೆಯೇ ನಾಲ್ಕನೆಯ ವರ್ಷದ ವಿಮಾನಕ್ಕೆ ಹಣ ಎಲ್ಲಿಂದ ಬರುತ್ತದೆಂದು ನಿಮ್ಮ ಪ್ರತಿನಿಧಿಗಳನ್ನು ಕೇಳಿರಿ. ಬೀದರದವರು ಆ ಪ್ರಶ್ನೆಯನ್ನು ತಡವಾಗಿ ಕೇಳಿದರು. ಊರಿನಲ್ಲಿ ರನ್‌ವೇ ಇದ್ದೂ ರಾತ್ರಿಯ ರೈಲನ್ನೇ ಹತ್ತಿದರು.